ಬಾಗಿಲು ದಾಟಿದ ಮೇಲಿನ ವಿಳಾಸ

ನಮ್ಮೂರು ಮೋಟೆಬೆನ್ನೂರಿನಲ್ಲಿ ಕಾಗದಕ್ಕೆ ಹೆಸರೊಂದಿದ್ದರೆ ಸಾಕು. ಒಂದೇ ಹೆಸರಿನವರು ನಾಲ್ವರಿದ್ದರೂ ಅಡ್ಡಹೆಸರೋ ತಂದೆಯ ಹೆಸರೋ ನೋಡಿ ಟಪಾಲಿನವರು ನೇರ ಮನೆಯ ಕಟ್ಟೆಗೇ ಬರುತ್ತಾರೆ. 1972ರಲ್ಲಿ ಬಂದ ಪಿನ್ ಕೋಡ್ ಅಂಚೆ ಕಚೇರಿಯವರೆಗಷ್ಟೇ ಕೈಹಿಡಿಯುತ್ತದೆ. ಬ್ಯಾಡಗಿಯ 581106 ನೋಡಿ: ಮೊದಲ 5 ದಕ್ಷಿಣದ ವಲಯ, 58 ನಮ್ಮ ಉತ್ತರ ಕರ್ನಾಟಕದ ಕಡೆ, 581 ಕಾಗದ ವಿಂಗಡಿಸುವ ಜಿಲ್ಲೆ, ಕೊನೆಯ ಮೂರಂಕಿ ಅಂಚೆ ಕಚೇರಿ. ಅಲ್ಲಿಂದ ಮನೆಯ ತನಕ ಕಾಗದವನ್ನು ನಡೆಸುವುದು ಮನುಷ್ಯರ ಪರಿಚಯ.

ದೊಡ್ಡ ಕಟ್ಟಡದಲ್ಲಿ ಈ ಪರಿಚಯ ನಡೆಯುವುದಿಲ್ಲ. ಅದು ನನಗೆ ತಿಳಿದದ್ದು ಅಪ್ಪನ ಹೊಲದ ಅರ್ಜಿಯಿಂದ. ಬೆಂಗಳೂರಿನ ಒಂದು ಕಚೇರಿಗೆ, ಅಧಿಕಾರಿಯ ಹೆಸರನ್ನು ದುಂಡಗೆ ಬರೆದು ರಿಜಿಸ್ಟರ್ ಮಾಡಿದ್ದೆ. ಹೆಸರು ಬರೆದರೆ ಮರ್ಯಾದೆ ಎಂದುಕೊಂಡಿದ್ದೆ. ಅವರಿಗೆ ಆಗಲೇ ವರ್ಗವಾಗಿತ್ತು. ಲಕೋಟೆ ಒಡೆಯದೆ ತಿಂಗಳುಗಟ್ಟಲೆ ಬಿದ್ದಿತ್ತು. ಕೊನೆಗೆ ನಾನೇ ಹೋದಾಗ ಟಪಾಲು ಶಾಖೆಯ ಹಿರಿಯರೊಬ್ಬರು, ನಮ್ಮ ಕಡೆಯವರೇ, ಹೇಳಿದರು: “ಹೆಸರು ಬರೀಬ್ಯಾಡ ತಮ್ಮಾ, ಹುದ್ದೆ ಬರಿ. ಸಾಹೇಬ್ರಿಗೆ ವರ್ಗ ಆಗತೈತಿ, ಕುರ್ಚಿಗೆ ಆಗೂದಿಲ್ಲ.”

ಹೇಳುತ್ತಲೇ ಲಕೋಟೆ ಕತ್ತರಿಸಿ, ಕಾಗದ ಬಿಡಿಸಿ, ಮೂಲೆಗೆ ಆವಕ ಮೊಹರು ಒತ್ತಿದರು. ಮೊಹರಿನೊಳಗೆ ಸಂಖ್ಯೆ, ತಾರೀಖು ಬರೆದರು. ‘ವಿಷಯ’ ಎಂಬ ಸಾಲಿನ ಮೇಲೆ ಬೆರಳಾಡಿಸಿ ಓದಿ, ಪಕ್ಕದಲ್ಲಿ ಶಾಖೆಯ ಗುರುತು ಹಾಕಿದರು. ಸಿಪಾಯಿ ಅದನ್ನು ಟಪಾಲು ವಹಿಯೊಂದಿಗೆ ಮಹಡಿಗೆ ಒಯ್ದು, ವಿಷಯ ನಿರ್ವಾಹಕರ ಸಹಿ ಪಡೆದು ಬಂದ. ಲಕೋಟೆಯ ಮೇಲಿನ ವಿಳಾಸ ಆ ಮೇಜಿನಲ್ಲೇ ಮುಗಿದಿತ್ತು. ಮುಂದಿನ ದಾರಿ ತೋರಿಸಿದ್ದು ವಿಷಯದ ಸಾಲು.

ಒಮ್ಮೆ ಕಡತವಾಯಿತೆಂದರೆ ಅದಕ್ಕೆ ತನ್ನದೇ ವಿಳಾಸ. ಸಚಿವಾಲಯದ ಪತ್ರದ ತಲೆಯಲ್ಲಿ ‘ಕಂಇ’ ಎಂದಿದ್ದರೆ ಕಂದಾಯ ಇಲಾಖೆ, ‘ಆಇ’ ಎಂದಿದ್ದರೆ ಆರ್ಥಿಕ ಇಲಾಖೆ; ಅದರ ಮುಂದೆ ಕಡತದ ಕ್ರಮಸಂಖ್ಯೆ, ಶಾಖೆಯ ಗುರುತು, ವರ್ಷ. ಪಿನ್ ಕೋಡ್ ಅಂಚೆ ಕಚೇರಿಯವರೆಗೆ ಮಾಡಿದ್ದನ್ನು ಇದು ಬಾಗಿಲ ಒಳಗೆ ಮಾಡುತ್ತದೆ. ಮೇಜು ವಿಧಾನಸೌಧದಿಂದ ವಿಕಾಸಸೌಧಕ್ಕೋ ಎಂ.ಎಸ್. ಬಿಲ್ಡಿಂಗಿಗೋ ಸರಿಯಬಹುದು, ಕೊಠಡಿಯ ನಂಬರು ಬದಲಾಗಬಹುದು. ಕಡತ ಸಿಗುವುದು ಈ ಸಂಖ್ಯೆಯಿಂದಲೇ.

ಈಗ ಊರವರಿಗೆ ಅರ್ಜಿ ಬರೆದುಕೊಡುವಾಗ, ಅದು ನಮ್ಮ ಜಿಲ್ಲೆಯ ದೇವಗಿರಿಯಲ್ಲಿರುವ ಜಿಲ್ಲಾಡಳಿತ ಭವನಕ್ಕಿರಲಿ, ಬೆಂಗಳೂರಿಗಿರಲಿ, ನಾನು ಮೊದಲು ಕೇಳುವುದು ಹಳೆಯ ಪತ್ರವನ್ನೇ. ಮೊನ್ನೆ ಪಿಂಚಣಿಗಾಗಿ ಒಬ್ಬ ಅಜ್ಜಿ ಬಂದಿದ್ದರು. “ಮೊದಲಿನ ಕಾಗದ ಐತೇನ್ ಯವ್ವಾ?” ಎಂದೆ. ಎಲೆಅಡಿಕೆಯ ಸಂಚಿಯಿಂದ ಎಂಟು ಮಡಿಕೆಯ ಕಾಗದ ತೆಗೆದರು. ಮಡಿಕೆ ಬಿದ್ದ ಜಾಗದಲ್ಲೇ ಸಂಖ್ಯೆ ಮಾಸಿತ್ತು. ಬಿಸಿಲಿಗೆ ಹಿಡಿದು, ಒಂದೊಂದೇ ಅಂಕಿ ಓದಿ, ‘ಉಲ್ಲೇಖ’ದ ಮುಂದೆ ಬರೆದೆ.

“ನನ್ನ ಹೆಸರು ಎಲ್ಲಿ ಬರದಿ?” ಎಂದರು.

ಕೆಳಗೆ ಬರೆದಿದ್ದೆ: ಅವರ ಹೆಸರು, ಮೋಟೆಬೆನ್ನೂರು. ಹೋಗುವಾಗ ಆ ಕಾಗದಕ್ಕೆ ಸಂಖ್ಯೆ ಬೇಕು. ಉತ್ತರ ತಿರುಗಿ ಬರುವಾಗ ಅವರ ಹೆಸರೇ ಸಾಕು.