ಹತ್ತು ನಿಮಿಷದ ಗುರುಗಳು

ಕಳೆದ ತಿಂಗಳು ಒಂದು ರಾತ್ರಿ ನಮ್ಮ ಸಂಘದ ಕಾರ್ಯದರ್ಶಿಗಳು ಫೋನು ಮಾಡಿ, "ಭಾನುವಾರ ಸಂಜೆ ನೀವು ಗುರುಗಳಾಗಬೇಕು" ಎಂದಾಗ, ಸಂಘದ ನಾಟಕದಲ್ಲಿ ದ್ರೋಣಾಚಾರ್ಯರ ಪಾತ್ರಧಾರಿ ಕೈಕೊಟ್ಟಿರಬೇಕೆಂದೇ ನಾವು ತಿಳಿದೆವು. ಗಡ್ಡ ಕಟ್ಟಿಕೊಳ್ಳಲು ನಮ್ಮ ಅಭ್ಯಂತರವೇನೂ ಇರಲಿಲ್ಲ. ಆದರೆ ವಿಷಯ ಅದಲ್ಲ. ಖಜಾಂಚಿಯವರ ಮಗ ಕೆನಡಾದಲ್ಲಿದ್ದಾನೆ. ಅಲ್ಲಿಯ ಸರ್ಕಾರಿ ನೌಕರರು ಕಂಪ್ಯೂಟರಿನ ಪರದೆಯ ಮೇಲೆ ಕೂಡುತ್ತಾರಂತೆ. ಒಬ್ಬ ಹಿರಿಯರ ಮುಂದೆ ಒಬ್ಬ ಕಿರಿಯರು. ಗಂಟೆ ಬಾರಿಸಿದೊಡನೆ ಜೋಡಿ ಬದಲು. ಹೀಗೆ ಒಂದೇ ಸಂಜೆಯಲ್ಲಿ ನಾಲ್ಕಾರು ಜನರಿಂದ ಬುದ್ಧಿವಾದ ಹೇಳಿಸಿಕೊಂಡು ಏಳುತ್ತಾರಂತೆ. ಅದರ ಹೆಸರು ಸ್ಪೀಡ್ ಮೆಂಟರಿಂಗ್. ನಮ್ಮ ನಾಡಿನ ಬಸ್ಸುಗಳ ಭಾಷೆಯಲ್ಲಿ ಹೇಳುವುದಾದರೆ, ವೇಗದೂತ ಗುರುಬೋಧೆ.

"ನಾವು ಗುಮಾಸ್ತರು ಸ್ವಾಮಿ. ನಮ್ಮಿಂದ ಏನು ಬೋಧೆ?" ಎಂದೆವು.

"ದೊಡ್ಡ ಅಧಿಕಾರಿಗಳು ಇಬ್ಬರು ಒಪ್ಪಿದ್ದಾರೆ. ಆದರೆ ಕೆಳಗಿನ ಮೆಟ್ಟಿಲು ಎಲ್ಲಿ ಜಾರುತ್ತೆ ಅಂತ ಮಹಡಿ ಮೇಲಿರೋರಿಗೆ ಏನು ಗೊತ್ತು?" ಎಂದರು ಕಾರ್ಯದರ್ಶಿಗಳು. ಇದು ಹೊಗಳಿಕೆಯೋ ಅಲ್ಲವೋ ಎಂದು ಯೋಚಿಸುವಷ್ಟರಲ್ಲಿ ಫೋನು ಇಟ್ಟಿದ್ದರು.

ಅವರ ಮಾತಿನಲ್ಲಿ ಸತ್ಯವಿತ್ತು. ನಾವು 2003ರಲ್ಲಿ ಬಿ.ಎಸ್ಸಿ. ಪದವಿ ಹಿಡಿದು ದೆಹಲಿಗೆ ಬಂದು ಎಲ್.ಡಿ.ಸಿ. ಆದಾಗ ನಮಗೆ ನಿಯಮಗಳನ್ನು ಕಲಿಸಿದ್ದು ಕ್ಯಾಂಟೀನು ಮತ್ತು ಚಾರ್ಟರ್ಡ್ ಬಸ್ಸು. ರಜೆಯನ್ನು ಯಾವಾಗ ಹಾಕಬೇಕು, ಮನೆಗೆ ಅರ್ಜಿ ಎಲ್ಲಿ ಕೊಡಬೇಕು, ಪ್ರಾಜ್ಞ ಪರೀಕ್ಷೆಯನ್ನು ಬೇಗ ಮುಗಿಸಿದರೆ ಒಂದು ವರ್ಷ ಒಂದು ಇಂಕ್ರಿಮೆಂಟಿನಷ್ಟು ಹಣ ಹೆಚ್ಚಿಗೆ ಬರುತ್ತದೆ, ಇವನ್ನೆಲ್ಲ ಧಾರವಾಡದ ಕಡೆಯ ಹಿರಿಯರೊಬ್ಬರು ಬಸ್ಸಿನ ಕಂಬಿಗೆ ಜೋತುಬಿದ್ದುಕೊಂಡೇ ಉಪದೇಶಿಸಿದ್ದರು. ಅವರು ನಿವೃತ್ತರಾದರು. ಈಗ ಮೆಟ್ರೋದಲ್ಲಿ ಎಲ್ಲರ ಕಿವಿಯಲ್ಲೂ ಬತ್ತಿ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಮಿಷನ್ ಕರ್ಮಯೋಗಿಗೆ ಒಪ್ಪಿಗೆ ಕೊಟ್ಟ ಮೇಲೆ ನೌಕರರಿಗೆಂದೇ ಐಗಾಟ್ ಎಂಬ ತಾಣದಲ್ಲಿ ಪಾಠಗಳು ಬಂದಿವೆ. ನಾವೂ ಸಾಕಷ್ಟು ಪ್ರಮಾಣಪತ್ರ ಗಳಿಸಿದ್ದೇವೆ. ಪಾಠಗಳು ಚೆನ್ನಾಗಿಯೇ ಇವೆ. ಆದರೆ ಬಸ್ಸಿನ ಕಂಬಿಗೆ ಜೋತುಬಿದ್ದ ಆ ಹಿರಿಯರು "ಏನಪ್ಪಾ, ಮುಖ ಸಣ್ಣದಾಗೇದಲ್ಲ?" ಎಂದು ಕೇಳುತ್ತಿದ್ದ ಪ್ರಶ್ನೆಯನ್ನು ಯಾವ ತಾಣವೂ ಕೇಳಿಲ್ಲ.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪರದೆಯಲ್ಲಿ ಕಾಣದ ಭಾಗಕ್ಕೆ ಪಂಚೆಯನ್ನೇ ಉಳಿಸಿಕೊಂಡು, ಊಟದ ಮೇಜಿನ ಮುಂದೆ ಕುಳಿತೆವು. ಮೊದಲು ಬಂದವನು ಸಂಘದ ಸದಸ್ಯರೊಬ್ಬರ ತಂಗಿಯ ಮಗ. ಹಾಸನದಿಂದ ಬಂದು ಪರೀಕ್ಷೆಗೆ ಓದುತ್ತಿದ್ದಾನೆ. 2023ರಿಂದ ಸಿಬ್ಬಂದಿ ನೇಮಕಾತಿ ಆಯೋಗ ತನ್ನ ಕೆಲವು ಪರೀಕ್ಷೆಗಳನ್ನು ಹಿಂದಿ, ಇಂಗ್ಲಿಷಿನ ಜೊತೆಗೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸಿದೆ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನಮ್ಮ ಕಾಲದಲ್ಲಿ ಇದಿದ್ದರೆ ಎಂದು ನಾವು ನಿಟ್ಟುಸಿರು ಬಿಡುತ್ತ ಕುಳಿತದ್ದರಲ್ಲಿ ಅವನ ನಾಲ್ಕು ನಿಮಿಷ ಹೋಯಿತು. ಗಂಟೆ ಬಾರಿಸಿತು. ಎರಡನೆಯವನು ದೆಹಲಿಯಲ್ಲಿ ಬಾಡಿಗೆ ಮನೆ ಎಲ್ಲಿ ಅಗ್ಗ ಎಂದು ಕೇಳಿದ. ಗುರುಗಳ ತೂಕ ಅವನಿಗೆ ಸರಿಯಾಗಿ ತಿಳಿದಿತ್ತು.

ಮೂರನೆಯವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಪಕ್ಕದಲ್ಲಿ ಮಗುವೊಂದು ಮೇಜಿನ ಮೇಲೆ ಚಮಚ ಬಡಿಯುತ್ತಿತ್ತು.

"ಸಾರ್, ನನಗೆ ಬಡ್ತಿ ಬಂದಿದೆ, ಗುವಾಹಾಟಿಗೆ. ಮಗೂಗೆ ಮೂರು ವರ್ಷ. ನಮ್ಮೆಜಮಾನ್ರು ಇಲ್ಲೇ ಕೇಂದ್ರ ಸರ್ಕಾರದಲ್ಲೇ ಇದ್ದಾರೆ. ಬಡ್ತಿ ಬೇಡ ಅಂತ ನಾಳೆ ಬರೆದುಕೊಡ್ತೀನಿ. ಕಾಗದದ ಒಕ್ಕಣೆ ಹೇಗಿರಬೇಕು ಅಂತ ಕೇಳೋಣ ಅಂತ..."

"ಸರ್ವೀಸು ಎಷ್ಟಾಯಿತಮ್ಮ?"

"ಎಂಟು ವರ್ಷ ಸಾರ್."

ನಮ್ಮ ಎದೆ ಧಸಕ್ಕೆಂದಿತು. ಸರ್ಕಾರಿ ಮನೆಗಳವರಿಗೆ ಎಂ.ಎ.ಸಿ.ಪಿ. ಎಂದರೆ ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇವೆ. ಬಡ್ತಿ ಸಿಗದೆ ಒಂದೇ ಕುರ್ಚಿಯಲ್ಲಿ ಕೂತವರಿಗೆ 10, 20, 30 ವರ್ಷಗಳಿಗೆ ವೇತನವನ್ನಷ್ಟು ಮೇಲಿನ ದರ್ಜೆಗೆ ಏರಿಸುವ ಯೋಜನೆ. 2008ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಆದರೆ ಅದಕ್ಕೆ ಅರ್ಹರಾಗುವ ಮೊದಲೇ ಬಂದ ಬಡ್ತಿಯನ್ನು ಒಲ್ಲೆನೆಂದರೆ, ಆ ಏರಿಕೆಯೂ ಇಲ್ಲ. ಇವರು ಅವಕಾಶವಿಲ್ಲದೆ ನಿಂತವರಲ್ಲ, ತಾವಾಗಿ ನಿಂತವರು ಎಂಬುದು ಸರ್ಕಾರದ ತರ್ಕ. ತರ್ಕದಲ್ಲಿ ತಪ್ಪು ಹುಡುಕಲಾರೆವು. ಅದು ಹೆಣ್ಣುಮಗಳೊಬ್ಬಳ ಮಡಿಲಲ್ಲಿ ಚಮಚ ಬಡಿಯುವ ಮಗುವನ್ನು ನೋಡುವುದಿಲ್ಲ, ಅಷ್ಟೆ.

ಅವಳಿಗೆ ಇದು ಗೊತ್ತಿರಲಿಲ್ಲ. ನಿರಾಕರಿಸಿದರೆ ಕಡಿಮೆಯೆಂದರೂ ಒಂದು ವರ್ಷ ಮತ್ತೆ ಬಡ್ತಿಯ ಮಾತಿಲ್ಲ, ಅಷ್ಟರಲ್ಲಿ ಮೇಲಕ್ಕೆ ಹೋದ ಕಿರಿಯರು ಮುಂದೆಯೂ ಅವಳಿಗಿಂತ ಹಿರಿಯರೇ ಎಂಬುದೂ ಗೊತ್ತಿರಲಿಲ್ಲ. "ಒಂದು ವರ್ಷ ತಡ ಆಗುತ್ತೆ, ಅಷ್ಟೇ ಅಂದ್ರು ಸೆಕ್ಷನ್‌ನಲ್ಲಿ" ಎಂದಳು.

"ನಮಗೂ ಹಾಗೇ ಅಂದಿದ್ದರು" ಎಂದೆವು. ಆಮೇಲೆ, ಯಾವ ಧೈರ್ಯದಲ್ಲೋ, ನಮ್ಮ ಕಥೆಯನ್ನೂ ಹೇಳಿದೆವು. 2013ರಲ್ಲಿ ಹತ್ತು ವರ್ಷದ ಏರಿಕೆ ನಮಗೆ ಸಿಕ್ಕಿತ್ತು. 2016ರಲ್ಲಿ ಬಡ್ತಿ ಬಂತು, ಶಿಲ್ಲಾಂಗಿಗೆ. ಬೇಡವೆಂದು ನಾಲ್ಕು ಸಾಲು ಬರೆದುಕೊಟ್ಟೆವು. ಸಿಕ್ಕಿದ್ದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ಮತ್ತೆ ಬಡ್ತಿಗೆ ಸಿದ್ಧನೆಂದು ನಾವಾಗಿ ಒಪ್ಪಿಕೊಳ್ಳದ ಹೊರತು ಮುಂದಿನ ಏರಿಕೆಗೆ ನಮ್ಮ ಹೆಸರನ್ನೇ ಎತ್ತುವುದಿಲ್ಲವೆಂದು ತಿಳಿದದ್ದು 2023ರಲ್ಲಿ, ಇಪ್ಪತ್ತು ವರ್ಷ ತುಂಬಿದರೂ ಸಂಬಳದ ಚೀಟಿ ಇದ್ದ ಹಾಗೇ ಇದ್ದಾಗ. ಆಗ ಬರೆದುಕೊಟ್ಟೆವು. ಬರಬೇಕಾದ್ದು ಮರುವರ್ಷ ಬಂತು. ಬಡ್ತಿ ಮಾತ್ರ ಇನ್ನೂ ಬಂದಿಲ್ಲ.

"ಹಾಗಾದ್ರೆ ಹೋಗಲಾ ಸಾರ್ ಗುವಾಹಾಟಿಗೆ?"

ಹೋಗು ಎನ್ನಲು ನಾವು ಯಾರು? ನಾಳೆಯೇ ಬೇಡವೆಂದು ಬರೆಯಬೇಡ ಎಂದೆವು. ಸೇರಲು ಕಾಲಾವಕಾಶ ಕೇಳು. ಪತಿಪತ್ನಿಯರನ್ನು ಸಾಧ್ಯವಿದ್ದಷ್ಟು ಒಂದೇ ಊರಿನಲ್ಲಿಡಬೇಕೆಂದು 2009ರ ಸೆಪ್ಟೆಂಬರ್ 30ರ ಆದೇಶವಿದೆ. ಅದನ್ನು ಉಲ್ಲೇಖಿಸಿ ಇಲ್ಲಿಯೇ ಜಾಗ ಕೊಡಿ ಎಂದು ಮನವಿ ಕೊಡು. ಹಕ್ಕಲ್ಲ, ಆದರೆ ಓದಲೇಬೇಕಾದ ಕಾಗದ. ಮಕ್ಕಳ ಆರೈಕೆಗೆ ಇಡೀ ಸೇವೆಯಲ್ಲಿ 730 ದಿನಗಳ ರಜೆ ಇದೆ. ಅಲ್ಲಿಗೆ ಹೋಗಲೇಬೇಕಾದರೆ ಅದು ಉಪಯೋಗಕ್ಕೆ ಬಂದೀತು. ಇಷ್ಟೆಲ್ಲ ಆದ ಮೇಲೂ ಬೇಡವೆನಿಸಿದರೆ ಬೇಡವೆನ್ನು. ಆದರೆ ಎಷ್ಟು ಬೆಲೆ ಎಂದು ತಿಳಿದು ಬೇಡವೆನ್ನು.

ಅವಳು ಬರೆದುಕೊಳ್ಳುತ್ತಿದ್ದಳು. ಮಗು ಚಮಚ ಬಿಟ್ಟು ಪರದೆಯನ್ನು ನೆಕ್ಕಲು ಬಂತು. ಅದನ್ನು ಹಿಂದಕ್ಕೆಳೆದುಕೊಂಡು ಕೇಳಿದಳು: "ಸಾರ್, ನೀವು ಯಾಕೆ ಬೇಡ ಅಂದ್ರಿ?"

"ನಮ್ಮ ತಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗುತ್ತಿತ್ತಮ್ಮ. 2018ರಲ್ಲಿ ತೀರಿಕೊಂಡರು."

"ಈಗ ಅನ್ಸುತ್ತಾ ಸಾರ್, ತಪ್ಪು ಮಾಡಿದೆ ಅಂತ?"

ನಾವು ಬಾಯಿ ತೆರೆದೆವು. ಗಂಟೆ ಬಾರಿಸಿತು. ಅವಳ ಜಾಗದಲ್ಲಿ ಕನ್ನಡಕದ ಹುಡುಗನೊಬ್ಬ ಪ್ರತ್ಯಕ್ಷನಾಗಿ, "ಗುಡ್ ಈವ್ನಿಂಗ್ ಸಾರ್, ವಿಭಾಗೀಯ ಪರೀಕ್ಷೆಗೆ ಯಾವ ಪುಸ್ತಕ ಓದಬೇಕು?" ಎಂದ. ಅವನಿಗೆ ಏನು ಹೇಳಿದೆವೋ ನೆನಪಿಲ್ಲ.

ಎಲ್ಲ ಮುಗಿಸಿ ತಿರುಗಿ ನೋಡಿದರೆ ಅಡಿಗೆಮನೆಯ ಬಾಗಿಲಲ್ಲಿ ನಮ್ಮ ಶ್ರೀಮತಿ ನಿಂತಿದ್ದರು. ಕೈಯಲ್ಲಿ ಸೌಟು ಹಾಗೇ ಇತ್ತು.

"ಕಡತ ಮೇಲೆ ಹೋಗಿದೆ, ಅದಕ್ಕೇ ತಡ ಅಂತ ಹೇಳಿದ್ರಲ್ಲ?"

"ಹೇಳಿದ್ದೆವು."

"ಎಷ್ಟು ಹೋಯ್ತು?"

ಲೆಕ್ಕ ನಮಗೆ ಬಾಯಿಪಾಠ, ಹೇಳಿದೆವು. ಆ ವರ್ಷ ಮಗಳ ಕಾಲೇಜಿನ ಶುಲ್ಕಕ್ಕೆ ಅವರು ತಮ್ಮ ಎರಡು ಬಳೆ ಒತ್ತೆಯಿಟ್ಟಿದ್ದು ಇಬ್ಬರಿಗೂ ನೆನಪಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಡ್ತಿ ಬಿಟ್ಟಿದ್ದು ಅತ್ತೆಗೆ ಗೊತ್ತಿತ್ತಾ?" ಎಂದರು.

"ಇಲ್ಲ. ಅವರಿಗೂ ಹೇಳಲಿಲ್ಲ."

"ಒಳ್ಳೇದಾಯ್ತು ಬಿಡಿ," ಎಂದು ಒಲೆಯ ಕಡೆ ತಿರುಗಿದರು. ಸಾರು ಅಷ್ಟರಲ್ಲಿ ಉಕ್ಕಿತ್ತು.

ಬುಧವಾರ ಆ ಹೆಣ್ಣುಮಗಳ ಮನವಿಯ ಕರಡು ನಮ್ಮ ಫೋನಿಗೆ ಬಂತು. ಕಾಲಾವಕಾಶಕ್ಕೆ ಒಂದು ಕಾಗದ, ಇಲ್ಲಿಯೇ ಜಾಗಕ್ಕೆ ಇನ್ನೊಂದು. ಆದೇಶದ ದಿನಾಂಕ ಸರಿಯಾಗಿತ್ತು. ಇಂಗ್ಲಿಷಿನಲ್ಲಿ ಹಂಬ್ಲಿ ಎಂದು ಮೂರು ಕಡೆ ಬರೆದಿದ್ದಳು. ಎರಡನ್ನು ಹೊಡೆದುಹಾಕಿ, ಮೂರನೆಯದಕ್ಕೂ ಗೆರೆ ಎಳೆಯಲು ಹೊರಟೆವು. ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದ ಶ್ರೀಮತಿ, "ಅದೊಂದು ಇರಲಿ ಬಿಡಿ ರೀ, ಪಾಪ, ಕೆಲಸ ಆಗ್ಬೇಕಲ್ಲ" ಎಂದರು. ಬಿಟ್ಟೆವು.