‘ಸೊನ್ನೆ ಸೊನ್ನೆ ಕೊಟ್ಟರೆ ಓಡುತ್ತೆ ಮೇಡಂ’

ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆಯ ದತ್ತಕಾರ್ಯಕ್ಕೆ ಗಣಿತ ವಿಧಾನದ ನಾವೆಲ್ಲ ಹೆಚ್ಚಾಗಿ ಭಿನ್ನರಾಶಿ, ಋಣ ಸಂಖ್ಯೆ, ಬೀಜೋಕ್ತಿಗಳನ್ನೇ ಆರಿಸಿಕೊಳ್ಳುತ್ತೇವೆ. ಮಕ್ಕಳು ಎಲ್ಲಿ ಎಡವುತ್ತಾರೆಂದು ಅಲ್ಲಿ ಮೊದಲೇ ಗೊತ್ತಿರುತ್ತದೆ, ಪ್ರಶ್ನೆಗಳೂ ಹಿಂದಿನವರ ಕಡತದಲ್ಲಿ ಸಿಗುತ್ತವೆ. ಬಿಎಸ್ಸಿಯಲ್ಲಿ ನಾನು ಭೌತಶಾಸ್ತ್ರ, ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್ ಓದಿದವಳು. ಇಂಟರ್ನ್‌ಶಿಪ್‌ಗೆ ಹೋದ ಶಾಲೆಯ ಆವರಣದಲ್ಲೇ ಪಿಯು ವಿಭಾಗವೂ ಇತ್ತು. ಅಲ್ಲಿನ ಉಪನ್ಯಾಸಕರು ಪ್ರಥಮ ಪಿಯುಸಿಯ ಲ್ಯಾಬ್ ಅವಧಿಗಳಿಗೆ ಸಹಾಯಕ್ಕೆ ಕರೆದರು. ಎನ್‌ಸಿಇಆರ್‌ಟಿ ಹನ್ನೊಂದನೆಯ ತರಗತಿ ಪುಸ್ತಕದ ಏಳನೆಯ ಅಧ್ಯಾಯ, ಪೈಥಾನ್ ಫಂಕ್ಷನ್‌ಗಳು, ನಡೆಯುತ್ತಿತ್ತು. ಹಾಗಾಗಿ ನನ್ನ ನೈದಾನಿಕ ಪರೀಕ್ಷೆ ಭಿನ್ನರಾಶಿ ಬಿಟ್ಟು ಪ್ಯಾರಾಮೀಟರ್, ಆರ್ಗ್ಯುಮೆಂಟ್‌ಗಳ ಮೇಲೆ ನಡೆಯಿತು.

ವ್ಯಾಖ್ಯೆಯನ್ನು ಕೇಳಿದರೆ ತರಗತಿ ಒಂದೇ ಉಸಿರಿನಲ್ಲಿ ಹೇಳುತ್ತಿತ್ತು: ಫಂಕ್ಷನ್ ಬರೆಯುವಾಗ ಬ್ರಾಕೆಟ್ಟಿನಲ್ಲಿರುವ ಹೆಸರು ಪ್ಯಾರಾಮೀಟರ್, ಕರೆಯುವಾಗ ಕೊಡುವ ಬೆಲೆ ಆರ್ಗ್ಯುಮೆಂಟ್. ಲ್ಯಾಬ್ ರೆಕಾರ್ಡಿನಲ್ಲೂ ಎಲ್ಲರ ಉತ್ತರ ಸರಿಯಾಗಿಯೇ ಇತ್ತು. ಇಂಥ ಕಡೆ ನೈದಾನಿಕ ಪರೀಕ್ಷೆಯೇ ಬೇಡವೆನಿಸಬಹುದು. ನನಗೆ ಅನುಮಾನ ಹುಟ್ಟಿದ್ದು ಒಬ್ಬ ಹುಡುಗಿಯ ಪ್ರೋಗ್ರಾಂ ನೋಡಿದಾಗ. ಆಯತದ ಕ್ಷೇತ್ರಫಲಕ್ಕೆ ಅವಳು ಉದ್ದ, ಅಗಲ ಎಂಬ ಎರಡು ಪ್ಯಾರಾಮೀಟರ್ ಇಟ್ಟು ಫಂಕ್ಷನ್ ಬರೆದಿದ್ದಳು. ಫಂಕ್ಷನ್ನಿನ ಒಳಗೆ ಮೊದಲ ಎರಡು ಸಾಲುಗಳಲ್ಲಿ ಮತ್ತೆ ಇನ್‌ಪುಟ್ ಬಳಸಿ ಉದ್ದ, ಅಗಲಗಳನ್ನು ಕೀಬೋರ್ಡಿನಿಂದ ಕೇಳಿದ್ದಳು. ಕೆಳಗೆ ಬರೀ ಬ್ರಾಕೆಟ್ ಹಾಕಿ ಕರೆದಾಗ, ಬೇಕಾದ ಎರಡು ಆರ್ಗ್ಯುಮೆಂಟ್ ಬಂದಿಲ್ಲ ಎಂದು ಪೈಥಾನ್ ದೂರು ಕೊಟ್ಟಿತು. ಅವಳು ಬ್ರಾಕೆಟ್ಟಿನೊಳಗೆ 0, 0 ಎಂದು ತುಂಬಿದಳು. ಪ್ರೋಗ್ರಾಂ ಓಡಿತು, ಉತ್ತರವೂ ಸರಿ ಬಂತು.

ಕೇಳಿದ್ದಕ್ಕೆ, “ಸೊನ್ನೆ ಸೊನ್ನೆ ಕೊಟ್ಟರೆ ಓಡುತ್ತೆ ಮೇಡಂ, ಯಾಕೆ ಅಂತ ಗೊತ್ತಿಲ್ಲ” ಎಂದಳು. ಒಳಗೆ ಹೋದ ಸೊನ್ನೆಗಳು ಮೊದಲೆರಡು ಸಾಲುಗಳಲ್ಲೇ ಅಳಿಸಿಹೋಗಿ ಕೀಬೋರ್ಡಿನ ಬೆಲೆಗಳು ಆ ಜಾಗಕ್ಕೆ ಬರುತ್ತವೆ. ಕಾರಣ ಅಷ್ಟೇ. ಆದರೆ ರೆಕಾರ್ಡಿನಲ್ಲಿ ಇದಕ್ಕೆ ‘ಸರಿ’ ಗುರುತು ಬಿದ್ದಿತ್ತು. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಆಕೆ ಕಂಪ್ಯೂಟರ್ ಬಿಟ್ಟು ಬಯಾಲಜಿಗೆ ಬದಲಾಯಿಸಿಕೊಡಿ ಎಂದು ಅರ್ಜಿ ಬರೆದಿಟ್ಟುಕೊಂಡಿದ್ದಾಳೆಂದು ಪಕ್ಕದವಳು ಹೇಳಿದಳು. ಉತ್ತರ ತಪ್ಪಾಗಿದ್ದರೆ ಯಾರಾದರೂ ತಿದ್ದುತ್ತಿದ್ದರು. ಸರಿ ಬರುತ್ತಿದ್ದುದರಿಂದ ಯಾರೂ ಕೇಳಿರಲಿಲ್ಲ; ತನಗೆ ತಿಳಿದಿಲ್ಲವೆಂದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಪರೀಕ್ಷೆಯನ್ನು ಕಾಗದದ ಮೇಲೆಯೇ ಮಾಡಿದೆ. ಆರು ಪುಟ್ಟ ಪ್ರೋಗ್ರಾಂಗಳು. ಏನು ಮುದ್ರಣವಾಗುತ್ತದೆ ಬರೆಯಿರಿ, ಯಾಕೆಂದೂ ಒಂದು ಸಾಲು ಬರೆಯಿರಿ. ಆ ‘ಯಾಕೆ’ ಸಾಲುಗಳೇ ಎಲ್ಲವನ್ನೂ ಹೇಳಿದವು. ಪ್ರಿಂಟ್ ಮತ್ತು ರಿಟರ್ನ್ ಒಂದೇ ಎಂದು ಹಲವರು ಬರೆದಿದ್ದರು. ಅದು ನಿರೀಕ್ಷಿತ, ಎರಡು ಉದಾಹರಣೆಯಲ್ಲಿ ಬಗೆಹರಿಯಿತು. ಇನ್ನೊಂದು ನಂಬಿಕೆ ಹೆಚ್ಚು ಆಳದ್ದು. ಹೊರಗಿನ ವೇರಿಯಬಲ್‌ಗೂ ಒಳಗಿನ ಪ್ಯಾರಾಮೀಟರಿಗೂ ಒಂದೇ ಹೆಸರಿದ್ದರೆ ಪೈಥಾನ್ ಹೆಸರು ನೋಡಿ ಜೋಡಿಸುತ್ತದೆ, ಆದ್ದರಿಂದ ಯಾವ ಕ್ರಮದಲ್ಲಿ ಕೊಟ್ಟರೂ ನಡೆಯುತ್ತದೆ ಎಂದು ಅರ್ಧಕ್ಕಿಂತ ಹೆಚ್ಚು ಮಕ್ಕಳು ತಿಳಿದಿದ್ದರು.

ಈ ನಂಬಿಕೆ ಇಷ್ಟು ದಿನ ಹೇಗೆ ಉಳಿಯಿತು? ನಾವು ಕೊಡುವ ಉದಾಹರಣೆಗಳನ್ನು ನೋಡಿ. ಆಯತದ ಕ್ಷೇತ್ರಫಲ, ಸರಳ ಬಡ್ಡಿ, ಎರಡು ಸಂಖ್ಯೆಗಳ ಮೊತ್ತ. ಎಲ್ಲವೂ ಗುಣಾಕಾರ ಇಲ್ಲವೇ ಸಂಕಲನ. ಅಸಲು, ದರ, ಅವಧಿಗಳನ್ನು ಹೇಗೆ ಅದಲುಬದಲು ಮಾಡಿದರೂ ಬಡ್ಡಿ ಅಷ್ಟೇ. ಪರಿವರ್ತನೀಯ ಗುಣ ಎಂದು ಗಣಿತದಲ್ಲಿ ಪಾಠ ಮಾಡುವ ನಾವೇ, ಅದು ಇಲ್ಲಿ ತಪ್ಪನ್ನು ಮುಚ್ಚಿಡುತ್ತದೆಂದು ಯೋಚಿಸುವುದಿಲ್ಲ. ಕ್ರಮ ಕಲಿಸಬೇಕಾದರೆ ಕಳೆಯುವ, ಭಾಗಿಸುವ, ಘಾತಕ್ಕೇರಿಸುವ ಉದಾಹರಣೆ ಬೇಕು. ನಾನು ತೆಗೆದುಕೊಂಡದ್ದು ವಯಸ್ಸು. ಈ ವರ್ಷ, ಹುಟ್ಟಿದ ವರ್ಷ ಎಂದು ಎರಡು ಪ್ಯಾರಾಮೀಟರ್. ಮೊದಲನೆಯದರಿಂದ ಎರಡನೆಯದನ್ನು ಕಳೆದು ರಿಟರ್ನ್ ಮಾಡುವುದು. ಹಿಂದುಮುಂದು ಕೊಟ್ಟ ಹುಡುಗನಿಗೆ ‘-16’ ಎಂದು ಬಂತು. ಇನ್ನು ಹದಿನಾರು ವರ್ಷ ಬಿಟ್ಟು ಹುಟ್ಟುತ್ತೀಯಾ ಎಂದು ಪಕ್ಕದವರು ನಕ್ಕರು. ಹೊರಗಿನ ವೇರಿಯಬಲ್‌ಗಳಿಗೆ ಪ್ಯಾರಾಮೀಟರಿನ ಹೆಸರುಗಳನ್ನೇ ಇಟ್ಟು ನೋಡಿದರು, ಆಗಲೂ ಮೈನಸ್ಸೇ. ಹೆಸರಿನ ನಂಬಿಕೆ ಅಲ್ಲಿಗೆ ಅಲುಗಾಡಿತು. (ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡ ಅಕ್ಷರಗಳಲ್ಲೇ ಬರೆಯಬಹುದು. ಪ್ರೊಜೆಕ್ಟರಿನಲ್ಲಿ ಹಾಗೆ ತೋರಿಸಿದಾಗ ಮಕ್ಕಳಿಗಾದ ಖುಷಿ ಬೇರೆ. ಲ್ಯಾಬಿನ ಕೀಬೋರ್ಡಿನಲ್ಲಿ ಟೈಪಿಸುವುದು ತ್ರಾಸವಾದ್ದರಿಂದ ಮುಂದುವರಿಸಲಿಲ್ಲ.)

ಕ್ರಮ ಮುಖ್ಯವಲ್ಲವೆಂದು ಅವರಿಗೆ ಅನಿಸಲು ನಮ್ಮ ಭಾಷೆಯೂ ಒಂದು ಕಾರಣವಿರಬಹುದೇ ಎಂದು ನಾನು ಯೋಚಿಸಿದೆ. ಹಲಗೆಯ ಮೇಲೆ ‘ಹುಡುಗ ನಾಯಿಯನ್ನು ಓಡಿಸಿದ’, ‘ನಾಯಿಯನ್ನು ಹುಡುಗ ಓಡಿಸಿದ’ ಎಂದು ಬರೆದೆ. ಅರ್ಥ ಬದಲಾಯಿತೇ? ಇಲ್ಲ. ಯಾಕೆ? ಹಿಂದಿನ ಬೆಂಚಿನಿಂದ “ವಿಭಕ್ತಿ ಪ್ರತ್ಯಯ” ಎಂದು ಉತ್ತರ ಬಂತು; ಅದೇ ಹುಡುಗಿ. ‘ಅನ್ನು’ ಅಂಟಿಕೊಂಡಿರುವುದರಿಂದ ನಾಯಿ ಎಲ್ಲಿ ಕೂತರೂ ಕರ್ಮವೇ. ಇದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಅದಲುಬದಲು ಮಾಡಿದರೆ ನಾಯಿಯೇ ಹುಡುಗನನ್ನು ಓಡಿಸುತ್ತದೆ. ಪೈಥಾನಿನ ಪೊಸಿಷನಲ್ ಆರ್ಗ್ಯುಮೆಂಟ್ ಆ ಇಂಗ್ಲಿಷ್ ವಾಕ್ಯದಂತೆ. ಕೂತ ಜಾಗವೇ ಅರ್ಥ. ಹೆಸರು ಹೇಳಿ, ಸಮ ಚಿಹ್ನೆ ಹಾಕಿ ಕೊಡುವ ಕೀವರ್ಡ್ ಆರ್ಗ್ಯುಮೆಂಟ್ ನಮ್ಮ ವಿಭಕ್ತಿಯಂತೆ. ಹೇಗೆ ಕೊಟ್ಟರೂ ಸೇರಬೇಕಾದಲ್ಲಿಗೇ ಸೇರುತ್ತದೆ. ಪೂರ್ತಿ ಹೋಲಿಕೆ ಅಲ್ಲ: ಹೆಸರು ಹೇಳಿದ ಮೇಲೆ ಹೆಸರಿಲ್ಲದ್ದನ್ನು ಕೊಟ್ಟರೆ ಪೈಥಾನ್ ಒಪ್ಪುವುದಿಲ್ಲ, ಕನ್ನಡಕ್ಕೆ ಆ ಹಟವಿಲ್ಲ. ಆದರೂ ಪರಿಹಾರ ಬೋಧನೆಯಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ.

‘ಆರ್ಗ್ಯುಮೆಂಟ್’ ಎಂಬ ಪದವೂ ಒಂದು ತೊಡಕು. ನಿಘಂಟಿನಲ್ಲಿ ನೋಡಿದವರಿಗೆ ಅದು ವಾದ, ಜಗಳ. ಎರರ್ ಸಂದೇಶ ಬಂದ ಕೂಡಲೇ ಓದದೆ ಅಳಿಸುವ ಅಭ್ಯಾಸಕ್ಕೆ ಇಂಥ ಪದಗಳೇ ಮೂಲ. ಅದಕ್ಕೆ ಬ್ಯಾಂಕಿನ ಚಲನ್ ತಂದೆ. ಮುದ್ರಿತವಾದ ‘ಹೆಸರು’, ‘ಮೊತ್ತ’ ಎಂಬ ಖಾಲಿ ಜಾಗಗಳು ಪ್ಯಾರಾಮೀಟರ್. ನೀವು ತುಂಬುವುದು ಆರ್ಗ್ಯುಮೆಂಟ್. ಕೌಂಟರಿನವರು ‘ಮೊತ್ತ ತುಂಬಿಲ್ಲ’ ಎಂದು ವಾಪಸ್ ಕೊಡುವುದೇ ಟೈಪ್‌ಎರರ್. ಸಂದೇಶದ ಕೊನೆಯ ಸಾಲಿನಲ್ಲಿ ಎಷ್ಟು ಜಾಗ ಖಾಲಿ, ಯಾವ ಹೆಸರಿನದು ಎಂದು ಪೈಥಾನ್ ಬರೆದೇ ಇರುತ್ತದೆ. ಅದನ್ನು ಕನ್ನಡದಲ್ಲಿ ಹೇಳಿದ ಮೇಲೆ ಮಾತ್ರ ಕೀಬೋರ್ಡ್ ಮುಟ್ಟಬೇಕು ಎಂದು ನಿಯಮ ಮಾಡಿದೆ. ಆ ಹುಡುಗಿ ತನ್ನ ಹಳೆಯ ಪ್ರೋಗ್ರಾಂ ತೆರೆದು ಸಂದೇಶ ಓದಿದಳು. “ಎರಡು ಜಾಗ ಖಾಲಿ ಇದೆ ಅಂತಿದೆ. ನಾನು ಸುಳ್ಳು ಚಲನ್ ತುಂಬಿ, ಒಳಗೆ ಹೋಗಿ ಮತ್ತೆ ಕೇಳ್ತಿದ್ದೆ” ಎಂದು ಇನ್‌ಪುಟ್ ಸಾಲುಗಳನ್ನು ಫಂಕ್ಷನ್ನಿನ ಹೊರಗೆ ತಂದಳು.

ಉಪನ್ಯಾಸಕರಿಗೆ ಇದರಲ್ಲಿ ಒಂದು ತಕರಾರಿತ್ತು. ಮೂರು ಲ್ಯಾಬ್ ಅವಧಿಯಲ್ಲಿ ಹೊಸ ಪ್ರೋಗ್ರಾಂ ಒಂದೂ ರೆಕಾರ್ಡಿಗೆ ಏರಲಿಲ್ಲ, ಪ್ರಾಯೋಗಿಕ ಪರೀಕ್ಷೆಗೆ ಎಣಿಕೆ ಮುಖ್ಯ ಎಂದರು. ಅವರ ಮಾತಿನಲ್ಲಿ ಹುರುಳಿದೆ. ವರ್ಷದ ಲೆಕ್ಕ ಒಪ್ಪಿಸಬೇಕಾದವರು ಅವರು, ನಾನು ಕೆಲವು ವಾರಗಳ ಅತಿಥಿ. ಆದರೂ ಸೊನ್ನೆ ತುಂಬಿದ ಹತ್ತು ಪ್ರೋಗ್ರಾಂಗಿಂತ ಅರ್ಥವಾದ ನಾಲ್ಕು ಸಾಕೆಂಬುದು ನನ್ನ ಅಭಿಪ್ರಾಯ. ಕೊನೆಗೆ ಅವರೇ ದಾರಿ ಹೇಳಿದರು: ತಿದ್ದಿದ ಪ್ರೋಗ್ರಾಂಗಳನ್ನು ಹೊಸ ಹಾಳೆಯಲ್ಲಿ ಬರೆಸಿ, ಅವೂ ಎಣಿಕೆಗೆ ಸೇರುತ್ತವೆ.

ಕೊನೆಯ ಅವಧಿಗೆ ಒಂದು ಸಣ್ಣ ಪ್ರಶ್ನೆ ಇಟ್ಟಿದ್ದೆ. ಅಂಕವನ್ನು ಪ್ಯಾರಾಮೀಟರ್ ಆಗಿ ಪಡೆದು ಒಳಗೆ 5 ಕೂಡಿಸಿದರೆ ಹೊರಗಿನ ಅಂಕ ಹೆಚ್ಚುತ್ತದೆಯೇ? ಚಲನ್ ತಿದ್ದಿದರೆ ಕಿಸೆಯ ದುಡ್ಡು ಹೆಚ್ಚುವುದಿಲ್ಲ ಎಂದು ಹುಡುಗಿ ಥಟ್ಟನೆ ಹೇಳಿದಳು, ಓಡಿಸಿ ತೋರಿಸಿದಳು. ಆಮೇಲೆ ತಾನಾಗಿಯೇ ಅಂಕದ ಬದಲು ಅಂಕಗಳ ಲಿಸ್ಟ್ ಕೊಟ್ಟು, ಒಳಗೆ ಅಪೆಂಡ್ ಮಾಡಿ ನೋಡಿದಳು. ಹೊರಗಿನ ಲಿಸ್ಟೂ ಉದ್ದವಾಗಿತ್ತು.

“ಇದು ಯಾಕೆ ಬದಲಾಯ್ತು ಮೇಡಂ? ಚಲನ್ ಲೆಕ್ಕಕ್ಕೆ ಇದು ಬರಲ್ಲ.”

ಬರುವುದಿಲ್ಲ, ನಿಜ. ಹಲಗೆಯ ಮೇಲೆ ಒಂದು ಮನೆ, ಅದರತ್ತ ಎರಡು ಬಾಣ ಬರೆದೆ: ಒಳಗಿನ ಹೆಸರು, ಹೊರಗಿನ ಹೆಸರು, ಎರಡೂ ಒಂದೇ ಮನೆಯ ವಿಳಾಸ. ಒಂದು ವಿಳಾಸ ಹಿಡಿದು ಹೋದವನು ಮನೆಗೆ ಬಣ್ಣ ಬಳಿದರೆ ಇನ್ನೊಂದು ವಿಳಾಸ ಹಿಡಿದು ಬಂದವನಿಗೂ ಹೊಸ ಬಣ್ಣವೇ ಕಾಣುತ್ತದೆ. “ಹಾಗಿದ್ರೆ ಒಳಗೇ ಆ ಹೆಸರಿಗೆ ಬೇರೆ ಲಿಸ್ಟ್ ಕೊಟ್ರೆ?” ಎಂದಳು. ಗಂಟೆ ಹೊಡೆದಿತ್ತು. ಓಡಿಸುವ ಮೊದಲು ಉತ್ತರ ಬರೆದಿಡು ಎಂದೆ. ನಿಂತುಕೊಂಡೇ ಪುಸ್ತಕದ ಅಂಚಿನಲ್ಲಿ ಬರೆದಳು: ಹೊರಗಿನದು ಬದಲಾಗಲ್ಲ, ಬಾಣ ಬೇರೆ ಮನೆಗೆ ಹೋಯಿತು.