ಪರದೆಯ ಪಾಠ, ಬೆರಳಿನ ಪಾಠ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ತುರ್ತಲ್ಲದ ಆಪರೇಷನ್‌ಗಳು ಮುಂದಕ್ಕೆ ಹೋದವು. ಸರ್ಜನ್‌ಗಳ ಸಮ್ಮೇಳನಗಳೂ ನಿಂತವು. ಪಾಠ ಮಾತ್ರ ನಿಲ್ಲುವಂತಿರಲಿಲ್ಲ. ಪಿಪಿಇ ಕಿಟ್ ಬಿಚ್ಚುವ ಕ್ರಮ ಹೇಗೆ, ಲ್ಯಾಪ್ರೋಸ್ಕೋಪಿಗೆಂದು ಹೊಟ್ಟೆಯೊಳಗೆ ತುಂಬುವ ಅನಿಲ ಹೊರಬರುವಾಗ ಸೋಂಕು ಹರಡೀತೇ ಎಂಬ ಚರ್ಚೆಗಳೆಲ್ಲ ವೆಬಿನಾರ್‌ಗೆ ಬಂದವು. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್‌ನ ವಾರ್ಷಿಕ ಸಮ್ಮೇಳನವೂ ಆ ಅಕ್ಟೋಬರಿನಲ್ಲಿ ಆನ್‌ಲೈನ್ ಆಯಿತು.

ವೈದ್ಯರು 5 ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಕಲಿಕೆಯಲ್ಲಿ ಭಾಗವಹಿಸಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳಿತ್ತು. ನಗರದವರಿಗೆ ಅದು ಕಷ್ಟವಲ್ಲ. ಆದರೆ ತಾಲೂಕು ಆಸ್ಪತ್ರೆಗೆ ಇರುವ ಒಬ್ಬರೇ ಸರ್ಜನ್ ಎರಡು ದಿನ ಬೆಂಗಳೂರಿಗೆ ಹೋದರೆ, ಅಪೆಂಡಿಕ್ಸ್ ಒಡೆದವರು ಆಂಬುಲೆನ್ಸಿನಲ್ಲಿ ಜಿಲ್ಲಾಸ್ಪತ್ರೆಯ ದಾರಿ ಹಿಡಿಯಬೇಕು. ಹಳ್ಳಿಗಳ ಸುದ್ದಿ ಬರೆಯುವ ನಮಗೆ ವೆಬಿನಾರ್ ದೊಡ್ಡದಾಗಿ ಕಂಡಿದ್ದು ಇದಕ್ಕೇ. ಕ್ವಾರ್ಟರ್ಸಿನಲ್ಲೇ ಕೂತು ಕೇಳಬಹುದು, ಕರೆ ಬಂದರೆ ಎದ್ದು ಓಡಬಹುದು.

ಆದರೂ ಹೊಲಿಗೆಯ ಗಂಟು ಎಷ್ಟು ಬಿಗಿಯಾದರೆ ಕರುಳು ಹರಿಯುತ್ತದೆ ಎಂಬುದು ಬೆರಳಿಗೇ ಗೊತ್ತಾಗಬೇಕು. ನಾವೂ ಆನ್‌ಲೈನ್ ಕ್ಲಾಸಿನಲ್ಲಿ ವರದಿಗಾರಿಕೆ ಕಲಿತವರೇ. ಸಂತೆಯಲ್ಲಿ ನಾಲ್ಕು ಜನರನ್ನು ಮಾತಾಡಿಸಿದ ಮೇಲೆಯೇ ಅದು ಕೈಗೆ ಹತ್ತಿದ್ದು. ನಮ್ಮ ವರದಿ ತಪ್ಪಿದರೆ ಮರುದಿನ ತಿದ್ದುಪಡಿ ಹಾಕಬಹುದು. ಆಪರೇಷನ್ನಿಗೆ ಆ ಸೌಕರ್ಯವಿಲ್ಲ.

ಹಾಗಾಗಿ ಕೇಳಿ ಕಲಿಯುವುದು ಪರದೆಯಲ್ಲೇ ಮುಂದುವರಿಯಲಿ. ಕೈಕೆಲಸ ಕಲಿಯಲು ಹೊರಟ ದಿನ ಮಾತ್ರ ಅವರ ಜಾಗಕ್ಕೆ ಇನ್ನೊಬ್ಬ ಸರ್ಜನ್ ಬರಬೇಕು. ಪರದೆ ಬಸ್ ಚಾರ್ಜು ಉಳಿಸಿತು. ಖಾಲಿ ಕುರ್ಚಿಯ ಪ್ರಶ್ನೆ ಹಾಗೇ ಉಳಿದಿದೆ.